ಸಲಿಕಿ ಹಾಕೋ ಮೊದ್ಲು ಓದ್ರಿ: ಕಟ್ಟಡ ಕೆಲ್ಸಕ್ಕ ಯಾವ್ಯಾವ ಇನ್ಶೂರೆನ್ಸ್ ಬೇಕು, ಹೆಂಗ ತಗೋಬೇಕು

ನಾ ಕಲಬುರಗಿದಾಗ ಸಣ್ಣ ಗುತ್ತೇದಾರ ಇದ್ದೀನ್ರಿ. ಮನಿ, ಶಾಲಿ ಕಂಪೌಂಡ್, ಅಂಗನವಾಡಿ ಕಟ್ಟಡ, ನಡುವ ಒಂದೆರಡು ಕಲ್ಯಾಣ ಮಂಟಪ, ಇಷ್ಟೇ ನನ್ನ ಹಾದಿ. ಇನ್ಶೂರೆನ್ಸ್ ಬಗ್ಗಿ ಬರೀಲಿಕ್ಕ ನಾ ಏನು ಪಂಡಿತ ಅಲ್ಲ, ಆದ್ರ ಒಂದ್ಸಲ ಸರಿಯಾಗಿ ಪೆಟ್ಟು ತಿಂದೀನಿ, ಆ ಮ್ಯಾಲೇ ಪಾಲಿಸಿ ಕಾಗದ ಕೂತು ಓದೋದು ಕಲ್ತೆ.

ಪೆಟ್ಟು ಹಿಂಗ. ರಿಂಗ್ ರೋಡ್ ಆಚಿ ಒಂದು ಮನಿ ಕೆಲ್ಸ, ಸ್ಲ್ಯಾಬ್ ದಿನ, ಮುಂಜಾನಿ ಆರಕ್ಕೇ ಮಿಕ್ಸರ್ ಚಾಲೂ ಮಾಡಿದ್ವಿ ಯಾಕಂದ್ರ ಮೇ ತಿಂಗಳು, ಹತ್ತರ ಮ್ಯಾಲ ನಮ್ ಕಡಿ ಬಿಸ್ಲಿಗಿ ಸಳಿ ಮುಟ್ಲಿಕ್ಕ ಬರಂಗಿಲ್ಲ. ಅರ್ಧ ಸ್ಲ್ಯಾಬ್ ಆಗಿತ್ತು, ಮೂಲ್ಯಾಗಿನ ಒಂದು ಸಪೋರ್ಟ್ ಕಂಬ ಸರೀತು, ಸೆಂಟ್ರಿಂಗ್ ಶೀಟ್ ಜೊತಿ ಶಹಾಪುರ ಕಡಿ ಹುಡುಗ ಒಬ್ಬ ಕೆಳಗ ಬಂದ. ಜೀವ ಉಳೀತು, ತೊಡಿ ಎಲಬು ಮುರೀತು. ನನಗ ಧೈರ್ಯ ಇತ್ತು, "ಲೇಬರ್ ಇನ್ಶೂರೆನ್ಸ್ ಅದ ನಂದು" ಅಂತ. ಸ್ಕೂಟರ್ ಡಿಕ್ಕಿದಾಗಿನ ಪಾಲಿಸಿ ತಗದು ಆಸ್ಪತ್ರಿ ಬೆಂಚಿನ ಮ್ಯಾಲ ಕೂತು ಮೊದಲ್ನೇ ಸಲ ಓದ್ದೆ. ಗ್ರೂಪ್ ಪರ್ಸನಲ್ ಆಕ್ಸಿಡೆಂಟ್ ಅಂತ ಬರ್ದಿತ್ತು. ಸತ್ರ ರೊಕ್ಕ, ಕೈಕಾಲು ಖಾಯಂ ಹೋದ್ರ ರೊಕ್ಕ, ಎಲಬು ಮುರಿದು ಆಪರೇಷನ್ ಆದ್ರ ಆಸ್ಪತ್ರಿ ಬಿಲ್ಲಿಗಿ ಒಂದು ಪೈಸಾ ಇಲ್ಲ, ಆ ಹುಡುಗ ತಿಂಗಳುಗಟ್ಲೆ ಮನ್ಯಾಗ ಕೂತ ಕೂಲಿಗೂ ಇಲ್ಲ. ಕೊಟ್ಟ ಏಜೆಂಟ್ ಸುಳ್ಳು ಹೇಳಿದ್ನೋ ಅವನಿಗೇ ಗೊತ್ತಿರಲಿಲ್ವೋ ಇವತ್ತಿಗೂ ತಿಳೀವಲ್ದು. ರೊಕ್ಕ ನಾನೇ ಕಟ್ದೆ.

ಅದಕ್ಕ "ಇನ್ಶೂರೆನ್ಸ್ ಅದ" ಅಂತ ಯಾರರ ಅಂದ್ರ ನಾ ಈಗ ನಾಕು ಮಾತು ಕೇಳ್ತೀನಿ: ಯಾವುದು, ಯಾರ ಹೆಸ್ರಿಗಿ, ಎಷ್ಟಕ್ಕ, ಯಾವ ತಾರೀಕು ತನಕ. ಕೆಳಗ ಬರ್ದಿದ್ದೆಲ್ಲ ಈ ನಾಕೇ ಮಾತಿನ ವಿಸ್ತಾರ. ಗುತ್ತೇದಾರ್ರಿಗಿ ಬರೀಲಾಕತ್ತೀನಿ ಖರೇ, ಆದ್ರ ಸ್ವಂತ ಮನಿ ಕಟ್ಟಸೋ ಮಾಲಕರೂ ಓದ್ರಿ, ಕೂಲಿಯವ್ರನ್ನ ನೀವೇ ಅಡ್ಡಾದಿಂದ ಕರ್ಕೊಂಡು ಬಂದು ನೀವೇ ಬಟವಡಿ ಮಾಡ್ತಿದ್ರ ಅಲ್ಲಿ ಗುತ್ತೇದಾರ ನೀವೇ.

ಪಾಯ ತೋಡೋ ಮೊದ್ಲು ಒಂದು ಹಾಳಿ ತಗೋರಿ

ಏಜೆಂಟಿಗಿ ಫೋನ್ ಹಚ್ಚೋ ಮೊದ್ಲು ಒಂದು ಹಾಳಿ ಮ್ಯಾಲ ಇಷ್ಟು ಬರ್ಕೋರಿ. ಕೆಲ್ಸದ ಪೂರ್ತಿ ಕಿಮ್ಮತ್ತು ಎಷ್ಟು, ಅಂದ್ರ ನಿಮ್ಮ ಗುತ್ತಿಗಿ ರೊಕ್ಕ ಅಷ್ಟೇ ಅಲ್ಲ, ಮಾಲಕರೇ ತಂದು ಕೊಡೋ ಸಿಮೆಂಟ್, ಸಳಿ, ಟೈಲ್ಸ್, ಎಲ್ಲಾ ಕೂಡಿಸಿ. ಒಂದು ದಿನಕ್ಕ ಜಾಸ್ತಿ ಅಂದ್ರ ಎಷ್ಟು ಮಂದಿ ಕೆಲ್ಸಕ್ಕ ಇರ್ತಾರ, ಸ್ಲ್ಯಾಬ್ ದಿನದ ಲೆಕ್ಕ ಹಿಡೀರಿ, ಸಾದಾ ದಿನದ್ದಲ್ಲ. ಬಾಜೂಕ ಯಾರ ಮನಿ ಅದ, ಅವ್ರ ಗ್ವಾಡಿಗೂ ನಿಮ್ಮ ಪಾಯಕ್ಕೂ ಎಷ್ಟು ಫೂಟ್ ಅಂತರ. ಯಾವ ಮಷಿನ್ ಸ್ವಂತದ್ದು, ಯಾವುದು ಬಾಡಿಗಿದು. ಎಷ್ಟು ತಿಂಗಳ ಕೆಲ್ಸ, ಅದಕ್ಕ ಮಳಿಗಾಲದ ಎರಡು ತಿಂಗಳು ಸೇರಿಸ್ರಿ, ನಮ್ ಕಡಿ ಹೇಳಿದ ಟೈಮಿಗಿ ಮುಗಿದ ಕೆಲ್ಸ ನಾ ಅಂತೂ ನೋಡಿಲ್ಲ.

ಈ ಹಾಳಿ ಇದ್ರ ಏಜೆಂಟ್ ನಿಮಗ ತನಗ ಬೇಕಾದ ಪಾಲಿಸಿ ಮಾರೋದಿಲ್ಲ, ನಿಮಗ ಬೇಕಾದ್ದು ಕೊಡ್ತಾನ. ಎರಡು ಮೂರು ಕಡಿ ಕೊಟೇಶನ್ ತಗೋರಿ. ನ್ಯೂ ಇಂಡಿಯಾ, ನ್ಯಾಷನಲ್, ಓರಿಯಂಟಲ್, ಯುನೈಟೆಡ್ ಇಂಡಿಯಾ ಅಂತ ನಾಕು ಸರ್ಕಾರಿ ಜನರಲ್ ಇನ್ಶೂರೆನ್ಸ್ ಕಂಪನಿ ಅವ, ಪ್ರೈವೇಟ್ ಕಂಪನಿನೂ ಭಾಳ ಅವ. ಪ್ರೀಮಿಯಂ ಮ್ಯಾಲ 18% ಜಿಎಸ್‌ಟಿ ಬೀಳ್ತದ, ಎಸ್ಟಿಮೇಟ್ ಮಾಡೋವಾಗ ಅದನ್ನ ಮರೀಬ್ಯಾಡ್ರಿ.

ಮೊದಲ್ನೇ ಪಾಲಿಸಿ ಕೂಲಿಯವ್ರದ್ದು

ಕೈಯಾಗ ಒಂದೇ ಪಾಲಿಸಿಗಿ ಸಾಲೋ ಅಷ್ಟು ರೊಕ್ಕ ಅದ ಅಂದ್ರ ಇದನ್ನ ತಗೋರಿ, ಉಳಿದಿದ್ದೆಲ್ಲ ಆಮ್ಯಾಲ. ಗ್ವಾಡಿ ಬಿದ್ರ ಮತ್ತ ಕಟ್ಟಬಹುದು.

ಇದರ ಹೆಸರು ಎಂಪ್ಲಾಯೀಸ್ ಕಾಂಪೆನ್ಸೇಷನ್ ಪಾಲಿಸಿ, ಹಳಬರು ವರ್ಕ್‌ಮೆನ್ ಕಾಂಪೆನ್ಸೇಷನ್ ಅಂತಾರ, ಏಜೆಂಟರು "ಡಬ್ಲ್ಯೂಸಿ ಪಾಲಿಸಿ" ಅಂತಾರ, ಎಲ್ಲಾ ಒಂದೇ. 1923ರ ಕಾಯ್ದೆ ಇದರ ಬುಡ. ಕೆಲ್ಸದ ಮ್ಯಾಲ ಇದ್ದಾಗ ಪೆಟ್ಟಾದ್ರ, ಜೀವ ಹೋದ್ರ, ಕೆಲ್ಸಕ್ಕ ಇಟ್ಕೊಂಡಾವ ಪರಿಹಾರ ಕೊಡಬೇಕು ಅಂತ ಆ ಕಾಯ್ದೆ ಹೇಳ್ತದ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗಿ ಬಂದು ಹಳೇ ಕಾಯ್ದೆ ಅದರಾಗ ಸೇರ್ಯದ, ಲೆಕ್ಕದ ಪದ್ಧತಿ ಮಾತ್ರ ಹಳೇದೇ.

ಲೆಕ್ಕ ಒಂದ್ಸಲ ಮಾಡಿ ತೋರಿಸ್ತೀನಿ, ಯಾಕಂದ್ರ ಭಾಳ ಮಂದಿಗಿ ಇದು ಒಂದೆರಡು ಲಕ್ಷದ ಮಾತು ಅಂತ ಅನಿಸ್ತದ. ತಿಂಗಳ ಕೂಲಿದು ಅರ್ಧ ಹಿಡಿಬೇಕು, ಅದಕ್ಕ ವಯಸ್ಸಿನ ಪ್ರಕಾರ ಕಾಯ್ದೆದಾಗ ಕೊಟ್ಟ ಒಂದು ಅಂಕಿಯಿಂದ ಗುಣಿಸಬೇಕು. 25 ವಯಸ್ಸಿಗಿ ಆ ಅಂಕಿ 216.91, 30ಕ್ಕ 207.98, 40ಕ್ಕ 184.17, ವಯಸ್ಸು ಹೆಚ್ಚಾದಂಗ ಕಡಿಮಿ ಆಗ್ತದ. ಕೂಲಿ ನೀವು ಎಷ್ಟೇ ಕೊಡ್ರಿ, ಲೆಕ್ಕಕ್ಕ ಹಿಡಿಯೋ ಮಿತಿ 15,000 ರೂಪಾಯಿ, ಇದು 2020ರ ಜನವರಿದಾಗ 8,000ದಿಂದ ಏರ್ಸಿದ್ದು. ಈಗ 30 ವರ್ಷದ ಗೌಂಡಿ ಒಬ್ಬ ಬಿದ್ದು ಸತ್ತ ಅನ್ಕೋರಿ, ಹಂಗ ಆಗಬಾರದು, ಲೆಕ್ಕಕ್ಕ ಹೇಳ್ತೀನಿ: 7,500 ಗುಣಿಸು 207.98, ಅಂದ್ರ 15,59,850 ರೂಪಾಯಿ. ಜೀವ ಉಳಿದು ಜನ್ಮಪೂರ್ತಿ ಕೆಲ್ಸ ಮಾಡ್ಲಿಕ್ಕ ಆಗದಂಗ ಆದ್ರ ಅರ್ಧದ ಬದ್ಲಿ 60% ಹಿಡೀತಾರ, ಅದು 18,71,820. ನನ್ನಂಥ ಗುತ್ತೇದಾರ ಊರಾಗಿನ ಪ್ಲಾಟ್ ಮಾರಿದ್ರೂ ಅವಸರಕ್ಕ ಇಷ್ಟು ಹುಟ್ಟಂಗಿಲ್ಲ. ಒಂದು ತಿಂಗಳದಾಗ ಕಟ್ಟಬೇಕು, ತಡಾ ಮಾಡಿದ್ರ ವರ್ಷಕ್ಕ 12% ಬಡ್ಡಿ, ಮ್ಯಾಲ ಅರ್ಧದ ತನಕ ದಂಡ ಹಾಕ್ಲಿಕ್ಕ ಬರ್ತದ, ಮತ್ತ ಆ ದಂಡ ಪಾಲಿಸಿ ಕೊಡಂಗಿಲ್ಲ, ನಿಮ್ಮ ಕಿಸೆದಿಂದಾನೇ.

ನಮ್ ಭಾಗದಾಗ ನಡಿಯೋ ಮೂರು ತಪ್ಪು ಇಲ್ಲೇ ಹೇಳಿಬಿಡ್ತೀನಿ.

ಒಂದು, ಪಂಚರನ್ನ ಕೂಡ್ಸಿ ಮನಿಯವ್ರ ಕೈಯಾಗ ರೊಕ್ಕ ಇಟ್ಟು ಬಾಂಡ್ ಪೇಪರ್ ಮ್ಯಾಲ ಹೆಬ್ಬೆಟ್ಟು ಒತ್ತಿಸ್ಕೊಳ್ಳೋದು. ಸಾವಿನ ಕೇಸಿನಾಗ ಪರಿಹಾರದ ರೊಕ್ಕ ಕಾನೂನು ಪ್ರಕಾರ ನೇಮಕ ಆದ ಅಧಿಕಾರಿ ಹತ್ರ ಜಮಾ ಮಾಡಬೇಕು, ಕೈಯಾಗ ಕೊಟ್ಟಿದ್ದು ಪರಿಹಾರ ಕೊಟ್ಟಂಗ ಲೆಕ್ಕಕ್ಕ ಬರೋದಿಲ್ಲ. ವರ್ಷ ಬಿಟ್ಟು ಕೇಸ್ ಹಾಕಿದ್ರ ಮತ್ತ ಕಟ್ಟಬೇಕಾಗ್ತದ. ಇನ್ಶೂರೆನ್ಸ್ ಕಂಪನಿನೂ ಆ ಬಾಂಡ್ ಪೇಪರ್ ನೋಡಿ ರೊಕ್ಕ ಕೊಡಂಗಿಲ್ಲ.

ಎರಡು, "ಕುಡದಿದ್ದ ರೀ, ನಮ್ದೇನು ತಪ್ಪು" ಅನ್ನೋದು. ಸಣ್ಣ ಪುಟ್ಟ ಗಾಯಕ್ಕ ಆ ಮಾತು ನಡೀತದ, ಸಾವು ಇಲ್ಲಾ ಪೂರ್ತಿ ಖಾಯಂ ಅಂಗವೈಕಲ್ಯ ಆದ್ರ ನಡಿಯಂಗಿಲ್ಲ.

ಮೂರನೇದು ಎಲ್ಲಕ್ಕಿಂತ ಸಾಮಾನ್ಯ, ಪ್ರೀಮಿಯಂ ಉಳಿಸ್ಲಿಕ್ಕ ಫಾರ್ಮ್‌ನಾಗ 20 ಮಂದಿ ಬದ್ಲಿ 8 ಮಂದಿ ಬರಿಯೋದು, ಗೌಂಡಿ ಬದ್ಲಿ ಎಲ್ಲಾರೂ ಬಿಗಾರಿ ಅಂತ ತೋರಿಸಿ ಕೂಲಿ ಕಡಿಮಿ ಹಚ್ಚೋದು. ಈ ಪಾಲಿಸಿ ನಡಿಯೋದೇ ನೀವು ಬರ್ದ ಮಂದಿ ಮತ್ತ ಕೂಲಿ ಮ್ಯಾಲ. ಮೊದ್ಲು ಅಂದಾಜು ಹೇಳಿ ಪ್ರೀಮಿಯಂ ಕಟ್ಟಬೇಕು, ಕಡೀಕ ಖರೇ ಕೊಟ್ಟ ಕೂಲಿ ಹೇಳಿ ಹೆಚ್ಚುಕಡಿಮಿ ಸರಿ ಮಾಡ್ಕೋಬೇಕು. ಹಂಗಿದ್ಮ್ಯಾಲ ಸುಳ್ಳು ಯಾಕ ಬರೀತೀರಿ, ಕ್ಲೇಮ್ ದಿನ ಸರ್ವೇಯರ್, ಅಂದ್ರ ಲುಕ್ಸಾನ ಲೆಕ್ಕ ಹಾಕ್ಲಿಕ್ಕ ಕಂಪನಿ ಕಳಿಸೋ ಮನುಷ್ಯ, ಬಂದು ಮೊದ್ಲು ಕೇಳೋದೇ ಹಾಜರಿ ಪುಸ್ತಕ.

ಹಾಜರಿ ಪುಸ್ತಕದ ಮಾತು ಬಂತಲ್ಲ, ಆ ಶಹಾಪುರದ ಹುಡುಗ ಈಗ ನನ್ನ ಹತ್ರಾನೇ ಮಿಸ್ತ್ರಿ ಇದ್ದಾನ, ಪುಸ್ತಕ ಅವನೇ ಬರಿಯೋದು. ಉದ್ದನ್ನ ರೂಲ್ ಪುಸ್ತಕ, ಒಂದು ಪುಟಕ್ಕ ಒಂದು ವಾರ. ಮುಂಜಾನಿ ಚಾ ಕುಡಿಯೋ ಮೊದ್ಲೇ ಹೆಸರು ಬಿದ್ದಿರಬೇಕು, ಮಧ್ಯಾಹ್ನ ಬರೀತೀನಿ ಅಂದ್ರ ಅಷ್ಟರಾಗ ಏನರ ಆಗಿಬಿಟ್ರ ಆ ಮನುಷ್ಯ ಸೈಟಿಗಿ ಬಂದೇ ಇಲ್ಲ ಅಂದಂಗ. ಹೆಸರಿನ ಮುಂದ ಊರು, ವಯಸ್ಸು, ಆಧಾರ್ ನಂಬರಿನ ಕಡೀ ನಾಕು ಅಂಕಿ, ಬಟವಡಿ ದಿನ ಸಹಿ ಇಲ್ಲಾ ಹೆಬ್ಬೆಟ್ಟು. ಸಂಜಿಗಿ ಅವ ಆ ಪುಟದ ಫೋಟೋ ತಗದು ನನಗ ವಾಟ್ಸಾಪ್ ಮಾಡ್ತಾನ, ತಾರೀಕು ತಾನೇ ಬೀಳ್ತದಲ್ಲ.

ಪಾಲಿಸಿ ತಗೊಳ್ಳೋವಾಗ ಎರಡು ಸೇರಿಸ್ಕೋರಿ. ಆಸ್ಪತ್ರಿ ಖರ್ಚು ಸಾದಾ ಪಾಲಿಸಿದಾಗ ಇರಂಗಿಲ್ಲ, ಅದಕ್ಕ ಬ್ಯಾರೆ ಪ್ರೀಮಿಯಂ ಕೊಟ್ಟು ಮೆಡಿಕಲ್ ಎಕ್ಸ್‌ಟೆನ್ಷನ್ ಹಾಕ್ಸಬೇಕು, ನನ್ನ ಕೇಸಿನಾಗ ಕೈ ಕೊಟ್ಟಿದ್ದು ಅದೇ ಖರ್ಚು. ಇನ್ನೊಂದು, ಸೆಂಟ್ರಿಂಗ್ ಒಬ್ಬನಿಗಿ, ಪ್ಲಂಬಿಂಗ್ ಇನ್ನೊಬ್ಬನಿಗಿ ಸಬ್ ಕಾಂಟ್ರಾಕ್ಟ್ ಕೊಟ್ಟಿರ್ತೀವಿ, ಅವ್ರ ಮಂದಿಗಿ ಪೆಟ್ಟಾದ್ರೂ ಮೇನ್ ಗುತ್ತೇದಾರನ ಹತ್ರಾನೇ ಪರಿಹಾರ ಕೇಳ್ಲಿಕ್ಕ ಬರ್ತದ, ಆಮ್ಯಾಲ ನೀವು ಅವನಿಂದ ವಸೂಲ್ ಮಾಡ್ಕೋಬೇಕು, ಮಾಡ್ಕೊಂಡಂಗೇ ಆಯ್ತು. ಅದಕ್ಕ ಸಬ್ ಕಾಂಟ್ರಾಕ್ಟರ್ ಮಂದಿನೂ ಪಾಲಿಸಿದಾಗ ಸೇರ್ಸಿ ಅಂತ ಬರ್ದು ಕೊಡ್ರಿ.

ಸೆಸ್ ಕಟ್ಟೀನಿ, ಕಾರ್ಡ್ ಅದ ಅಂತ ಸುಮ್ನ ಕೂಡಬ್ಯಾಡ್ರಿ

ಪ್ಲ್ಯಾನ್ ಸ್ಯಾಂಕ್ಷನ್ ವ್ಯಾಳ್ಯಾದಾಗ ಕಟ್ಟಡ ವೆಚ್ಚದ 1% ಕಾರ್ಮಿಕ ಸೆಸ್ ಕಟ್ಟಸ್ಕೋತಾರ. "ಅದೇ ಇನ್ಶೂರೆನ್ಸ್ ಅಲ್ಲೇನ್ರಿ" ಅಂತ ಮಾಲಕರು ಕೇಳ್ತಾರ. ಅಲ್ಲ. ಅದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗಿ ಹೋಗೋ ರೊಕ್ಕ. ಮಂಡಳಿದಾಗ ಹೆಸರು ನೋಂದಾಯಿಸಿದ ಕಾರ್ಮಿಕರಿಗಿ, ಅಂದ್ರ 18ರಿಂದ 60 ವಯಸ್ಸಿನವ್ರು, ಹಿಂದಿನ ಒಂದು ವರ್ಷದಾಗ 90 ದಿನ ಕಟ್ಟಡ ಕೆಲ್ಸ ಮಾಡ್ದವ್ರಿಗಿ, ಅಪಘಾತ ಆದ್ರ ಸಹಾಯ, ಮಕ್ಕಳ ಓದಿಗಿ, ಮದ್ವಿಗಿ ಸಹಾಯ ಇರ್ತದ. ಅದು ಕಾರ್ಮಿಕನ ಹಕ್ಕು, ನಿಮ್ಮ ಹೊಣೆ ಅದರಿಂದ ಒಂದು ರೂಪಾಯಿನೂ ಕಡಿಮಿ ಆಗಂಗಿಲ್ಲ. ಆದ್ರ ನಿಮ್ಮ ಹತ್ರ ಇರೋ ಮಂದಿಗಿ ಕಾರ್ಡ್ ಮಾಡಿಸಿ ಕೊಡ್ರಿ, 90 ದಿನದ ಸರ್ಟಿಫಿಕೇಟಿಗಿ ಸಹಿ ಮಾಡ್ಲಿಕ್ಕ ಅವ್ರನ್ನ ಅಲೆದಾಡಿಸಬ್ಯಾಡ್ರಿ. ಕಾರ್ಮಿಕ ಇಲಾಖೆ ಸಹಾಯವಾಣಿ 155214.

ಇನ್ನ ಇಎಸ್ಐ, ಅಂದ್ರ ಕಾರ್ಮಿಕರ ರಾಜ್ಯ ವಿಮಾ ಯೋಜನೆ. 10 ಇಲ್ಲಾ ಅದಕ್ಕಿಂತ ಹೆಚ್ಚು ಮಂದಿ ಇದ್ದು, ತಿಂಗಳ ಪಗಾರ 21,000ದ ಒಳಗ ಇದ್ದವ್ರಿಗಿ ಇದು ಲಾಗೂ, ಸೈಟ್ ಕೂಲಿಯವ್ರಿಗೂ 2015ರ ಆಗಸ್ಟಿನಿಂದ ಇಎಸ್ಐ ಜಾರಿ ಇದ್ದ ಏರಿಯಾದಾಗ ವಿಸ್ತರಿಸ್ಯಾರ. ಕೂಲಿಯವನ ಪಾಲು 0.75%, ನಿಮ್ಮ ಪಾಲು 3.25%. ನಮ್ ಪುಣ್ಯಾಕ್ಕ ಸೇಡಂ ರೋಡಿಗಿ ಅಷ್ಟು ದೊಡ್ಡ ಇಎಸ್ಐ ಆಸ್ಪತ್ರಿ, ಮೆಡಿಕಲ್ ಕಾಲೇಜ್ ಎಲ್ಲಾ ಅದ. ಇಎಸ್ಐ ಇದ್ದಾವಗ ಪೆಟ್ಟಾದ್ರ ಪರಿಹಾರ ಇಎಸ್ಐದಿಂದಾನೇ, ಅದೇ ಪೆಟ್ಟಿಗಿ ಮತ್ತ ಡಬ್ಲ್ಯೂಸಿ ಬರಂಗಿಲ್ಲ. ಆದ್ರ ಸೈಟಿಗಿ ಬರೋ ಎಲ್ಲಾರೂ ಇಎಸ್ಐದಾಗ ಇರ್ತಾರ ಅನ್ನೋ ಭರವಸಿ ಇಲ್ಲ, ಇವತ್ತು ಬಂದಾವ ನಾಳಿ ಇರಂಗಿಲ್ಲ, ಹಿಂಗಾಗಿ ನಾ ಎರಡೂ ಇಟ್ಟೀನಿ.

ಬ್ಯಾಂಕಿನ ಸುರಕ್ಷಾ ಬಿಮಾ ವರ್ಷಕ್ಕ 20 ರೂಪಾಯಿ, ಅಪಘಾತದಾಗ ಸತ್ರ 2 ಲಕ್ಷ, 18ರಿಂದ 70 ವಯಸ್ಸಿನವ್ರಿಗಿ. ಜೂನ್ 1ರಿಂದ ಮೇ 31. ಬಟವಡಿ ದಿನ ಖಾತೆ ಇದ್ದವ್ರಿಗೆಲ್ಲ ಇದನ್ನ ಮಾಡಸ್ರಿ, ಒಂದು ಚಾ ಮತ್ತ ಒಂದು ಪ್ಲೇಟ್ ಸುಸಲಾ ಬೆಲಿ ಆಗಂಗಿಲ್ಲ. ಆದ್ರ ಇದೂ ನಿಮ್ಮ ಹೊಣೆಗಿ ಬದ್ಲಿ ಅಲ್ಲ.

ಕಟ್ಟಡಕ್ಕ: ಸಿಎಆರ್ ಪಾಲಿಸಿ

ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್, ಸಣ್ಣಾಗಿ ಸಿಎಆರ್. ಕಟ್ಟಲಾಕತ್ತಿದ ಕಟ್ಟಡ, ಸೈಟ್‌ನಾಗ ಬಿದ್ದ ಮಾಲು, ಎರಡಕ್ಕೂ ಇದು. ಬೆಂಕಿ, ಸಿಡ್ಲು, ಗಾಳಿ, ನೆರಿ, ಕಳವು, ಸೆಂಟ್ರಿಂಗ್ ಕುಸಿಯೋದು, ಎಲ್ಲಾ ಬರ್ತದ, ಯಾವುದು ಬರಂಗಿಲ್ಲ ಅಂತ ಬರ್ದಿರ್ತಾರೋ ಅದನ್ನ ಬಿಟ್ಟು. ಕಾರ್ಖಾನಿದಾಗ ಮಷಿನ್ ಕೂಡ್ಸೋ ಕೆಲ್ಸ ಇದ್ರ, ಉದಾಹರಣಿಗಿ ಕಡೇಚೂರು ಇಂಡಸ್ಟ್ರಿಯಲ್ ಏರಿಯಾದಾಗೋ ವಾಡಿ, ಸೇಡಂ ಸಿಮೆಂಟ್ ಫ್ಯಾಕ್ಟರಿದಾಗೋ ಕನ್ವೇಯರ್ ಕೂಡ್ಸೋ ಕೆಲ್ಸ, ಅದಕ್ಕ ಇರೆಕ್ಷನ್ ಆಲ್ ರಿಸ್ಕ್ ಅಂತ ಬ್ಯಾರೆ ಪಾಲಿಸಿ, ಟೆಸ್ಟಿಂಗ್ ಅವಧಿನೂ ಅದರಾಗ ಬರ್ತದ.

ಸಿಎಆರ್‌ದಾಗ ಎಲ್ಲಾರೂ ಎಡವೋದು ಒಂದೇ ಕಲ್ಲಿಗಿ, ಸಮ್ ಇನ್ಶೂರ್ಡ್, ಅಂದ್ರ ಎಷ್ಟು ರೊಕ್ಕಕ್ಕ ಪಾಲಿಸಿ ಮಾಡ್ಸೀವಿ ಅನ್ನೋದು. ಕೆಲ್ಸ ಪೂರ್ತಿ ಮುಗದಾಗ ಕಟ್ಟಡದ ಕಿಮ್ಮತ್ತು ಎಷ್ಟೋ ಅಷ್ಟಕ್ಕ ಇನ್ಶೂರ್ ಮಾಡಸಬೇಕು, ಮಾಲಕರು ತಂದು ಹಾಕಿದ ಮಾಲು ಸೇರಿ. ಪೂರ್ತಿ ಕಿಮ್ಮತ್ತು 80 ಲಕ್ಷ, ನೀವು "ನನ್ನ ಗುತ್ತಿಗಿ 50 ಲಕ್ಷ ಅಷ್ಟೇ, ಸಿಮೆಂಟ್ ಸಳಿ ಅವ್ರದ್ದು" ಅಂತ 50ಕ್ಕ ಮಾಡ್ಸಿದ್ರಿ ಅನ್ಕೋರಿ. ನೆರಿ ಬಂದು 8 ಲಕ್ಷ ಲುಕ್ಸಾನ ಆಯ್ತು. ಕಂಪನಿ 8 ಕೊಡಂಗಿಲ್ಲ, 80ರಾಗ 50 ಅಂತ ಲೆಕ್ಕ ಹಾಕಿ 5 ಲಕ್ಷಕ್ಕ ಇಳಿಸ್ತದ, ಅದರಾಗ ಎಕ್ಸೆಸ್ ಮುರೀತದ. ಎಕ್ಸೆಸ್ ಅಂದ್ರ ಪ್ರತಿ ಕ್ಲೇಮಿನಾಗ ನಿಮ್ಮ ಪಾಲು, ನೆರಿ, ಬಿರುಗಾಳಿ, ಭೂಕಂಪಕ್ಕ ಸಾದಾ ಕ್ಲೇಮಿಗಿಂತ ಹೆಚ್ಚಿರ್ತದ. ಅದು 50 ಸಾವಿರ ಇತ್ತಂದ್ರ ಕೈಗಿ ಬರೋದು ನಾಕೂವರೆ ಲಕ್ಷ. ಮಿಕ್ಕ ಮೂರೂವರೆ ಲಕ್ಷ ಯಾರು ಕೊಡಬೇಕು ಅಂತ ಮಾಲಕರಿಗೂ ನಿಮಗೂ ಜಗಳ. ರೇಟ್ ಏರಿ ಎಸ್ಟಿಮೇಟ್ ರಿವೈಸ್ ಆದ್ರ ಪಾಲಿಸಿನೂ ಏರಸ್ರಿ.

ನೆರಿ ಮಾತು ಸುಮ್ನ ಹೇಳಿಲ್ಲ. 2020ರ ಅಕ್ಟೋಬರದಾಗ ಭೀಮಾ ಬಂದಾಗ ಅಫಜಲಪುರ, ಜೇವರ್ಗಿ ಕಡಿ ಏನಾಯ್ತು ಎಲ್ಲಾರೂ ನೋಡೀವಿ. ಹೊಳಿ ದಂಡಿ ಸೈಟ್ ಇದ್ರ ಪಾಲಿಸಿದಾಗ ಮಾಲು ಎಲ್ಲಿ ಎಷ್ಟು ಎತ್ತರದಾಗ ಇಡಬೇಕು ಅಂತ ಶರತ್ತು ಇರ್ತದ, ಅದನ್ನ ಓದಿ ಸಿಮೆಂಟ್ ಚೀಲ ಅಲ್ಲೇ ಒಟ್ರಿ. ಭೂಕಂಪದ್ದೂ ಹಂಗೇ, ಪಾಲಿಸಿದಾಗ ಸೇರ್ಯದೋ ಇಲ್ಲೋ ಕೇಳ್ರಿ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ರಾತ್ರಿ ನಮ್ ಮನಿ ಹಿರೇರು ಇನ್ನಾ ಮರ್ತಿಲ್ಲ, 2021ರಾಗ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದಾಗ ಮಂದಿ ವಾರಗಟ್ಲೆ ಮನಿ ಹೊರಗ ಮಲಗಿದ್ರು.

ಬರಂಗಿಲ್ಲ ಅನ್ನೋ ಪಟ್ಟಿದಾಗ ಮುಖ್ಯದ್ದು ಹೇಳ್ತೀನಿ. ಡಿಸೈನ್ ತಪ್ಪಿದ್ರ ಸಾದಾ ಪಾಲಿಸಿದಾಗ ಇಲ್ಲ, ಆಡ್ ಆನ್ ಬೇಕು, ಅಂದ್ರ ಬ್ಯಾರೆ ಪ್ರೀಮಿಯಂ ಕೊಟ್ಟು ಸೇರಿಸ್ಕೊಳ್ಳೋ ಕವರ್. ಕಳಪೆ ಮಾಲು, ಕಳಪೆ ಕೆಲ್ಸ, ಅದನ್ನೇ ತಗದು ಮತ್ತ ಮಾಡೋ ಖರ್ಚು ಕೊಡಂಗಿಲ್ಲ, ಆದ್ರ ಅದು ಬಿದ್ದು ಬಾಜೂಕಿನ ಒಳ್ಳೆ ಕೆಲ್ಸ ಕೆಡಸಿದ್ರ ಆ ಲುಕ್ಸಾನ ಕೊಡ್ತಾರ. ಸ್ಟಾಕ್ ಎಣಿಸಿದಾಗ 40 ಚೀಲ ಕಮ್ಮಿ ಬಂತು ಅಂದ್ರ ಕೊಡಂಗಿಲ್ಲ, ಕಳವು ಆಗ್ಯದ ಅಂದ್ರ ಪೊಲೀಸ್ ಕಂಪ್ಲೇಂಟ್ ಬೇಕು. ತಡಾ ಆಗಿ ಬಿದ್ದ ದಂಡ ಕೊಡಂಗಿಲ್ಲ. ಕರಿ ಮಣ್ಣಿನಾಗ ಪಾಯ ಸರಿ ಇಳಸ್ದೇ ಎರಡು ವರ್ಷಕ್ಕ ಗ್ವಾಡಿ ಬಿರುಕು ಬಿಟ್ರ ಯಾವ ಕಂಪನಿನೂ ನಿಮ್ಮ ಕಡಿ ತಿರುಗಿ ನೋಡಂಗಿಲ್ಲ, ಅದಕ್ಕ ಇನ್ಶೂರೆನ್ಸ್ ಬ್ಯಾಡ, ಒಳ್ಳೆ ಎಂಜಿನಿಯರ್ ಬೇಕು.

ಇನ್ನೊಂದು ನಮ್ ಕಡಿ ಭಾಳ ಆಗೋದು, ಕೆಲ್ಸ ನಿಲ್ಲೋದು. ಬಿಲ್ ಬರಲಿಲ್ಲ ಅಂತ ಮೂರು ತಿಂಗಳು ಸೈಟ್ ಖಾಲಿ ಬಿಟ್ವಿ, ತೊಗರಿ ರಾಶಿಗಿ ಅಂತ ಮಂದಿ ಊರಿಗಿ ಹೋದ್ರು, ಆ ವ್ಯಾಳ್ಯಾದಾಗ ಲುಕ್ಸಾನ ಆದ್ರ ಕೆಲ್ಸ ನಿಂತಿತ್ತು ಅಂತ ಹೇಳಿ ಕೈ ಎತ್ತತಾರ. ನಿಲ್ಸೋ ಮೊದ್ಲು ಕಂಪನಿಗಿ ಮೇಲ್ ಹಾಕಿ ಒಪ್ಪಿಗಿ ತಗೋರಿ. ಅವಧಿ ಮುಗಿಯೋ ಮೊದ್ಲೇ ಎಕ್ಸ್‌ಟೆನ್ಷನ್ ಕೇಳ್ರಿ. ಅರ್ಧ ಕೆಲ್ಸ ಆದ ಮ್ಯಾಲ ಹೊಸಾ ಸಿಎಆರ್ ಕೇಳಿದ್ರ ಕಂಪನಿ ಮೊದ್ಲು ಮಂದಿ ಕಳಿಸಿ ಸೈಟ್ ನೋಡ್ತದ, ಆಮ್ಯಾಲ ವಿಚಾರ ಮಾಡ್ತದ.

ಬಾಜೂ ಮನಿ ಗ್ವಾಡಿ

ಸಿಎಆರ್‌ದಾಗ ಎರಡನೇ ಭಾಗ ಥರ್ಡ್ ಪಾರ್ಟಿ. ಹಾದಿಗಿ ಹೋಗೋರ ತಲಿ ಮ್ಯಾಲ ಇಟ್ಟಿಗಿ ಬಿತ್ತು, ಬಾಜೂಕಿನವ್ರ ಕಾರಿನ ಮ್ಯಾಲ ಶೀಟ್ ಬಿತ್ತು, ಇದಕ್ಕೆಲ್ಲ ಅದು. ಸೈಟ್ ಕೂಲಿಯವ್ರು ಥರ್ಡ್ ಪಾರ್ಟಿ ಅಲ್ಲ, ಅವ್ರಿಗಿ ಡಬ್ಲ್ಯೂಸಿನೇ.

ಬ್ರಹ್ಮಪುರ, ಶಹಾಬಜಾರ್ ಇಂಥ ಹಳೇ ಗಲ್ಲಿದಾಗ ಕೆಲ್ಸ ಹಿಡದ್ರ ಇಲ್ಲಿ ಎಚ್ಚರ ಬೇಕು. ಅಲ್ಲಿ ಎರಡು ಮನಿ ನಡುವ ಕೈ ತೂರಸ್ಲಿಕ್ಕೂ ಸಂದಿ ಇರಂಗಿಲ್ಲ, ಗ್ವಾಡಿ ಕಲ್ಲು ಮಣ್ಣಿನ್ವು. ನೀವು ಪಾಯ ತೋಡಿದ್ರಿ, ಬಾಜೂ ಗ್ವಾಡಿ ಬುಡ ಸಡ್ಲಾಗಿ ಕೂತ್ಕೊಂತು. ಮಷಿನ್ ಅದುರಿಕಿಯಿಂದ ಆದ ಲುಕ್ಸಾನ, ಆಧಾರ ತಗದಿದ್ದಕ್ಕ ಆದ ಲುಕ್ಸಾನ, ಸಾದಾ ಥರ್ಡ್ ಪಾರ್ಟಿ ಕವರಿನಾಗ ಇರಂಗಿಲ್ಲ, ಅದಕ್ಕ ವೈಬ್ರೇಷನ್ ಮತ್ತ ವೀಕನಿಂಗ್ ಆಫ್ ಸಪೋರ್ಟ್ ಅಂತ ಬ್ಯಾರೆ ಆಡ್ ಆನ್ ಅದ, ಹೆಸರು ಹಿಡದು ಕೇಳ್ರಿ. ತೋಡೋ ಮೊದ್ಲು ಬಾಜೂಕಿನವ್ರನ್ನ ಕರ್ದು ಅವ್ರ ಮುಂದ ಅವ್ರ ಗ್ವಾಡಿದ ಎಲ್ಲಾ ಬಿರುಕಿನ ಫೋಟೋ ತಗೋರಿ. ಹಳೇ ಬಿರುಕಿಗಿ ಹೊಸ ಬಣ್ಣ ಕೇಳೋ ಮಂದಿ ಎಲ್ಲಾ ಊರಾಗ ಇರ್ತಾರ.

ಹಳೇ ಮನಿ ಮ್ಯಾಲ ಮೊದಲ್ನೇ ಮಜಲಿ ಏರ್ಸೋ ಕೆಲ್ಸ ಇದ್ರ ಕೆಳಗಿನ ಹಳೇ ಮನಿ ನಿಮ್ಮ ಕಾಂಟ್ರಾಕ್ಟ್ ಕಿಮ್ಮತ್ತಿನಾಗ ಇಲ್ಲ, ಮಾಲಕರದ್ದೇ ಆದ್ದರಿಂದ ಥರ್ಡ್ ಪಾರ್ಟಿನೂ ಅಲ್ಲ, ಎರಡರ ನಡುವ ಬಿದ್ದು ಹೋಗ್ತದ. ಓನರ್ಸ್ ಸರೌಂಡಿಂಗ್ ಪ್ರಾಪರ್ಟಿ ಅನ್ನೋ ಆಡ್ ಆನ್ ಇದಕ್ಕ.

ಮಷಿನ್

ಮಿಕ್ಸರ್, ವೈಬ್ರೇಟರ್, ಕ್ರೇನ್, ಜೆಸಿಬಿ, ಇವಕ್ಕ ಕಾಂಟ್ರಾಕ್ಟರ್ಸ್ ಪ್ಲಾಂಟ್ ಅಂಡ್ ಮಷಿನರಿ, ಸಿಪಿಎಂ. ಹೊರಗಿನ ಅಪಘಾತಕ್ಕ ಇದು, ಗುಂಡಿಗಿ ಉರುಳೋದು, ಬೆಂಕಿ ಬೀಳೋದು. ಒಳಗ ಗೇರ್ ಮುರಿಯೋದು, ಮೋಟಾರ್ ಸುಡೋದು ಬರಂಗಿಲ್ಲ. ಜೆಸಿಬಿ ರೋಡಿಗಿ ಇಳಿದು ಯಾರಿಗರ ಗುದ್ದಿದ್ರ ಸಿಪಿಎಂ ಕೆಲ್ಸಕ್ಕ ಬರಂಗಿಲ್ಲ, ಅದಕ್ಕ ಮೋಟಾರ್ ಥರ್ಡ್ ಪಾರ್ಟಿ ಇರಲೇಬೇಕು. ಬಾಡಿಗಿ ಜೆಸಿಬಿ ತಂದ್ರ ಡ್ರೈವರ್ ಲೈಸೆನ್ಸ್, ಆ ಗಾಡಿ ಪಾಲಿಸಿ, ಎರಡರದ್ದೂ ಫೋಟೋ ತಗೊಂಡೇ ಚಾಲೂ ಮಾಡಸ್ರಿ.

ಸರ್ಕಾರಿ ಟೆಂಡರ್ ಇದ್ರ

ಪಿಡಬ್ಲ್ಯೂಡಿ, ಪಂಚಾಯತ್ ರಾಜ್, ಕೆಕೆಆರ್‌ಡಿಬಿ (ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ) ಅನುದಾನದ ಕೆಲ್ಸ, ಯಾವುದೇ ಇರಲಿ, ಟೆಂಡರ್ ಡಾಕ್ಯುಮೆಂಟಿನಾಗ ಇನ್ಶೂರೆನ್ಸ್ ಕಲಂ ಹುಡುಕ್ರಿ. ಸಾಮಾನ್ಯವಾಗಿ ಇಲಾಖೆ ಮತ್ತ ಗುತ್ತೇದಾರ, ಇಬ್ಬರ ಜಂಟಿ ಹೆಸ್ರಿಗಿ, ಕೆಲ್ಸ ಚಾಲೂ ಆದ ದಿನದಿಂದ ಡಿಫೆಕ್ಟ್ ಲಯಬಿಲಿಟಿ ಅವಧಿ (ಕೆಲ್ಸ ಮುಗದ ಮ್ಯಾಲ ದೋಷ ಬಂದ್ರ ನೀವೇ ಸರಿ ಮಾಡಬೇಕಾದ ಅವಧಿ) ಮುಗಿಯೋ ತನಕ ಅಂತ ಕೇಳ್ತಾರ: ಕೆಲ್ಸ ಮತ್ತ ಮಾಲು, ಮಷಿನ್, ಬ್ಯಾರೆಯವ್ರ ಆಸ್ತಿ, ಜೀವ ಮತ್ತ ಗಾಯ. ನೀವು ಮಾಡಸ್ಲಿಲ್ಲ ಅಂದ್ರ ಅವ್ರೇ ಮಾಡ್ಸಿ ಪ್ರೀಮಿಯಂ ನಿಮ್ಮ ಬಿಲ್ಲಿನಾಗ ಮುರ್ಕೋಬಹುದು. ಕೆಲ್ಸ ಮುಗದ ಮ್ಯಾಲಿನ ಅವಧಿಗಿ ಮೇಂಟೆನೆನ್ಸ್ ಕವರ್ ಬ್ಯಾರೆ ಹಾಕ್ಸಬೇಕು, ಸಿಎಆರ್ ತಾನಾಗೇ ಅಲ್ಲಿ ತನಕ ನಡಿಯಂಗಿಲ್ಲ.

ಬ್ಯಾಂಕ್ ಗ್ಯಾರಂಟಿಗಿ ರೊಕ್ಕ ಒತ್ತಿ ಇಟ್ಟು ಕೂತವ್ರಿಗಿ ಒಂದು ಸುದ್ದಿ, ಅದರ ಬದ್ಲಿ ಕೊಡೋ ಇನ್ಶೂರೆನ್ಸ್ ಶ್ಯೂರಿಟಿ ಬಾಂಡ್ ಅಂತ ಅದ, ಅದರ ನಿಯಮ 2022ರ ಏಪ್ರಿಲ್‌ನಿಂದ ಬಂದದ. ಇದು ನಿಮ್ಮನ್ನ ಕಾಯೋದಲ್ಲ, ನೀವು ಕೈಕೊಟ್ರ ಇಲಾಖೆನ್ನ ಕಾಯೋದು, ಕಂಪನಿ ಕೊಟ್ಟ ರೊಕ್ಕ ಆಮ್ಯಾಲ ನಿಮ್ಮಿಂದಾನೇ ವಸೂಲ್ ಮಾಡ್ತದ. ನಿಮ್ಮ ಟೆಂಡರಿನಾಗ ಒಪ್ತಾರೋ ಇಲ್ಲೋ ಮೊದ್ಲು ನೋಡ್ಕೋರಿ.

ಮಿಕ್ಕವು

ಮೋರ್ಬಿದಿಂದ ಟೈಲ್ಸ್ ಲಾರಿ ತರಸ್ತಿದ್ರ ಟ್ರಾನ್ಸಿಟ್ ಪಾಲಿಸಿ, ಅದಕ್ಕ ಮರೈನ್ ಅಂತ ಹೆಸರು, ಕಲಬುರಗಿಗಿ ಸಮುದ್ರ ಎಲ್ಲಿಂದ ಬಂತು ಅಂತ ನಾನೂ ಕೇಳಿದ್ದೆ, ಹೆಸರು ಹಂಗದ ಅಷ್ಟೇ. ಎಂಜಿನಿಯರ್, ಆರ್ಕಿಟೆಕ್ಟ್ ಮಂದಿಗಿ ಪ್ರೊಫೆಷನಲ್ ಇಂಡೆಮ್ನಿಟಿ, ಡಿಸೈನ್ ತಪ್ಪಿಗಿ. ಫ್ಲ್ಯಾಟ್ ಕಟ್ಟಿ ಮಾರೋರು ರೇರಾ ಕಾಯ್ದೆ ನೆನಪಿಡ್ರಿ, ಸ್ವಾಧೀನ ಕೊಟ್ಟು 5 ವರ್ಷದಾಗ ಕಟ್ಟಡದ ದೋಷ ತೋರ್ಸಿದ್ರ 30 ದಿನದಾಗ ರೊಕ್ಕ ಇಲ್ದೇ ಸರಿ ಮಾಡಬೇಕು, ಆ ಖರ್ಚು ಸಿಎಆರ್‌ದಾಗ ಬರ್ತದ ಅಂತ ಆಸಿ ಇಟ್ಕೋಬ್ಯಾಡ್ರಿ. ಗೃಹಪ್ರವೇಶ ಆದ ಮ್ಯಾಲ ಮಾಲಕರು ಭಾರತ್ ಗೃಹ ರಕ್ಷಾ ತಗೋಬೇಕು, 2021ರ ಏಪ್ರಿಲ್‌ನಿಂದ ಎಲ್ಲಾ ಕಂಪನಿದಾಗೂ ಇದರ ಶರತ್ತು ಒಂದೇ ನಮೂನಿ.

ಪಾಲಿಸಿ ಕೈಗಿ ಬಂದ ದಿನ

ಪ್ರೀಮಿಯಂ ಕಂಪನಿಗಿ ಮುಟ್ಟೋ ತನಕ ಕವರ್ ಇಲ್ಲ, ಇದು ಕಾನೂನು. ಏಜೆಂಟಿಗಿ ನಗದು ಕೊಟ್ಟು ಬಂದೀನಿ ಅನ್ನಬ್ಯಾಡ್ರಿ, ಕಂಪನಿ ಹೆಸ್ರಿಗೇ ಆನ್‌ಲೈನ್ ಕಟ್ರಿ. ಪಾಲಿಸಿ ಬಂದ ದಿನ ಚಾ ಕುಡಕೋತ ಆ ಹಳೇ ಹಾಳಿ ಬಾಜೂಕ ಇಟ್ಕೊಂಡು ಹೋಲಿಸ್ರಿ: ಸೈಟಿನ ವಿಳಾಸ ಬರೋಬ್ಬರಿ ಅದನೋ, ಮಾಲಕರ ಹೆಸರು ಅದನೋ, ಮಂದಿ ಎಣಿಕಿ, ಕಿಮ್ಮತ್ತು, ತಾರೀಕು, ಎಕ್ಸೆಸ್, ಕೇಳಿದ ಆಡ್ ಆನ್ ಎಲ್ಲಾ ಹೆಸರು ಹಿಡದು ಬಂದಾವೋ. ಕೋಟನೂರು ಸೈಟಿನ ಕೆಲ್ಸಕ್ಕ ಆಫೀಸಿನ ಸೂಪರ್ ಮಾರ್ಕೆಟ್ ವಿಳಾಸ ಹಾಕಿ ಕೊಟ್ಟ ಪಾಲಿಸಿ ನನ್ನ ಕೈಗೇ ಬಂದಿತ್ತು. ತಪ್ಪಿದ್ರ ಅವತ್ತೇ ಮೇಲ್ ಮಾಡಿ ತಿದ್ದಸ್ರಿ, ಫೋನಿನಾಗ ಹೇಳಿದ್ದು ಗಾಳಿಗಿ ಹೋಗ್ತದ.

ಏನರ ಆದ್ರ

ಮೊದ್ಲು ಮನುಷ್ಯನ್ನ ಆಸ್ಪತ್ರಿಗಿ ಒಯ್ರಿ, ಇದು ಹೇಳಬೇಕಾಗಿಲ್ಲ. ಆಸ್ಪತ್ರಿದಾಗ "ಮನ್ಯಾಗ ಬಿದ್ದ" ಅಂತ ಬರಸಬ್ಯಾಡ್ರಿ, ಪೊಲೀಸರ ಅಂಜಿಕಿಗಿ ಹಂಗ ಬರಸ್ತಾರ, ಆಮ್ಯಾಲ ಸೈಟ್‌ನಾಗ ಆಯ್ತು ಅಂತ ಸಾಬೀತು ಮಾಡ್ಲಿಕ್ಕ ಜೀವ ಹೋಗ್ತದ. ಎಂಎಲ್‌ಸಿ, ಅಂದ್ರ ಆಸ್ಪತ್ರಿದವ್ರು ಪೊಲೀಸರಿಗಿ ತಿಳಿಸೋ ಕೇಸ್, ಆಗಲಿ. ಅವತ್ತೇ ಕಂಪನಿಗಿ ಫೋನ್ ಮತ್ತ ಮೇಲ್ ಎರಡೂ ಹೋಗಬೇಕು, ಸಿಎಆರ್‌ದಾಗ ಬಹುತೇಕ 14 ದಿನದ ಗಡುವು ಬರ್ದಿರ್ತದ, ಆದ್ರ 14 ದಿನ ಕಾಯೋ ಕೆಲ್ಸ ಅಲ್ಲ ಇದು. ಬಿದ್ದ ಮಾಲು ಸರ್ವೇಯರ್ ನೋಡೋ ತನಕ ಸರಸಬ್ಯಾಡ್ರಿ, ಹಾದಿಗಿ ಅಡ್ಡ ಆಗಿ ತಗಿಯಲೇಬೇಕಂದ್ರ ನಾಕೂ ದಿಕ್ಕಿನ ಫೋಟೋ, ವಿಡಿಯೋ ತಗದು, ಮೇಲ್ ಹಾಕಿ, ಆಮ್ಯಾಲ ತಗೀರಿ. ಹಾಜರಿ ಪುಸ್ತಕ, ಕಾಂಟ್ರಾಕ್ಟ್ ಕಾಗದ, ಮಾಲಿನ ಬಿಲ್ಲು, ಆಸ್ಪತ್ರಿ ಕಾಗದ, ಎಫ್‌ಐಆರ್ ಇದ್ರ ಅದು, ಒಂದು ಫೈಲ್ ಮಾಡ್ರಿ, ಸರ್ವೇಯರ್ ಕೇಳಿದ್ದಕ್ಕೆಲ್ಲ ಬರವಣಿಗಿದಾಗ ಉತ್ತರ ಕೊಡ್ರಿ.

ಕ್ಲೇಮ್ ತಳ್ಳಿ ಹಾಕಿದ್ರ ಇಲ್ಲಾ ಸುಮ್ನ ಎಳದಾಡಿದ್ರ ಮೊದ್ಲು ಕಂಪನಿದೇ ದೂರು ವಿಭಾಗಕ್ಕ ಬರೀರಿ. ಐಆರ್‌ಡಿಎಐ (ಇನ್ಶೂರೆನ್ಸ್ ಕಂಪನಿಗಳ ಮ್ಯಾಲ ಕಣ್ಣಿಡೋ ಪ್ರಾಧಿಕಾರ) ನಡಸೋ ಬಿಮಾ ಭರೋಸಾ ದೂರಿನ ಪೋರ್ಟಲ್ ಅದ, ಫೋನ್ 155255. ಒಂದು ತಿಂಗಳದಾಗ ಉತ್ತರ ಬರಲಿಲ್ಲ ಇಲ್ಲಾ ಬಂದ ಉತ್ತರ ಒಪ್ಪಿಗಿ ಆಗಲಿಲ್ಲ ಅಂದ್ರ ಒಂದು ವರ್ಷದ ಒಳಗ ಬೆಂಗಳೂರಿನಾಗ ಇನ್ಶೂರೆನ್ಸ್ ದೂರು ಬಗೆಹರಿಸೋ ಅಧಿಕಾರಿ, ಅಂದ್ರ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಹತ್ರ ಹೋಗಬಹುದು, ಫೀ ಇಲ್ಲ, ವಕೀಲ ಬೇಕಾಗಿಲ್ಲ, 50 ಲಕ್ಷದ ತನಕ ತೀರ್ಪು ಕೊಡ್ತಾರ. ಒಬ್ಬರೇ ಮಾಲಕ ಇರೋ ಸಣ್ಣ ಗುತ್ತೇದಾರಿ ಫರ್ಮ್ ಇದ್ರ ನಡೀತದ, ಪ್ರೈವೇಟ್ ಲಿಮಿಟೆಡ್ ಮಾಡ್ಕೊಂಡು ದೊಡ್ಡ ಕಂಪನಿ ಆದವ್ರಿಗಿ ಆ ಬಾಗಲ ಇಲ್ಲ, ಅವ್ರು ಕೋರ್ಟ್ ಹಾದಿನೇ ಹಿಡಿಬೇಕು. ಅರ್ಜಿ ಆನ್‌ಲೈನ್ ಹಾಕ್ಲಿಕ್ಕ ಬರ್ತದ, ರಾತ್ರಿ ರೈಲಿಗಿ ಬೆಂಗಳೂರಿಗಿ ಓಡೋ ಕೆಲ್ಸ ಇಲ್ಲ. ಕಂಪನಿ ಕೊಟ್ಟ ರಿಜೆಕ್ಷನ್ ಲೆಟರ್, ನಿಮ್ಮ ದೂರಿಗಿ ಕೊಟ್ಟ ಉತ್ತರ, ಎರಡೂ ಕಳಕೋಬ್ಯಾಡ್ರಿ, ಆ ದೂರಿನ ಉತ್ತರ ಕೈಗಿ ಬಂದ ತಾರೀಕಿನಿಂದಾನೇ ಆ ಒಂದು ವರ್ಷ ಎಣಿಸ್ತಾರ.